ಈಲ್ಯಾಂಡ್ ಬೇಟೆಗೆ ಕರೆದಿದ್ದಾರೆ, ಹೋಗಲಾ ಬೇಡವಾ?

ರಾಣೆಬೆನ್ನೂರು_ಬಿಸಿಲು:

ಎಲ್ಲರಿಗೂ ನಮಸ್ಕಾರ. ನಾನಿರುವುದು ನಮೀಬಿಯಾದ ವಿಂಡ್‌ಹುಕ್‌ನಲ್ಲಿ. ಸೋಲಾರ್ ಪ್ಲಾಂಟ್ ಕೆಲಸ, ಬಂದು ಎರಡು ವರ್ಷವಾಯಿತು. ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬ ಇದ್ದಾನೆ, ಜರ್ಮನ್ ಮಾತಾಡುವ ಮನೆತನ, ಮುತ್ತಜ್ಜನ ಕಾಲದಿಂದ ಇಲ್ಲೇ ಬೇರು ಬಿಟ್ಟವರು. ಒಮರೂರು ಹತ್ತಿರ ಅವನ ಚಿಕ್ಕಪ್ಪನ ಫಾರ್ಮ್ ಇದೆ (ಹೆಸರು ಕೇಳಿದರೆ ನಮ್ಮ ಹಾವೇರಿ ಜಿಲ್ಲೆಯ ಯಾವುದೋ ಹಳ್ಳಿ ಅನ್ನಿಸುತ್ತದೆ, ಅಲ್ವಾ?). ಜುಲೈನಲ್ಲಿ ಒಂದು ವಾರ ಬಾ, ಒಂದು ಮುದಿ ಈಲ್ಯಾಂಡ್ (ಇಲ್ಲಿನ ಭಾರೀ ಗಾತ್ರದ ಹುಲ್ಲೆ) ಹೋರಿ ಹೊಡೆಯುವುದಿದೆ, ಮನಸ್ಸಿದ್ದರೆ ನೀನೇ ಹೊಡಿ ಅಂತ ಕರೆದಿದ್ದಾನೆ. ಹೊರಗಿನವರ ಹತ್ತಿರ ತೆಗೆದುಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಕೇಳುವುದಿಲ್ಲವಂತೆ.

ನಾನು ಜೀವಮಾನದಲ್ಲಿ ಬಂದೂಕು ಹಿಡಿದದ್ದು ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ಮಾತ್ರ. ಪಾಯಿಂಟ್ ಟೂ ಟೂ ರೈಫಲ್, ಐದು ಗುಂಡು, ಅದರಲ್ಲಿ ಎರಡು ಪಕ್ಕದವನ ಟಾರ್ಗೆಟ್‌ಗೆ ಬಿದ್ದಿದ್ದವು. ಊರಲ್ಲಿ ನಮ್ಮ ಗೋವಿನಜೋಳದ ಹೊಲಕ್ಕೆ ಕೃಷ್ಣಮೃಗ ಹಿಂಡುಗಟ್ಟಿ ಬರುತ್ತಿದ್ದವು. ಅಪ್ಪ ರಾತ್ರಿಯಿಡೀ ಡಬ್ಬ ಬಡಿಯುತ್ತಿದ್ದರು, ಆದರೆ ಒಂದಕ್ಕೂ ಕಲ್ಲು ಬೀಸಿದವರಲ್ಲ. ಹಾಗಾಗಿ ಒಳಗೊಳಗೆ ಏನೋ ಎಳೆದಾಡುತ್ತಿದೆ, ಹೋಗಬೇಕು ಅಂತಲೂ ಇದೆ, ಬೇಡ ಅಂತಲೂ ಇದೆ.

ಕೇಳಬೇಕಾದದ್ದು ಇಷ್ಟು. ನನ್ನಂಥ ಹೊಸಬ ಈಲ್ಯಾಂಡ್‌ನಂಥ ದೊಡ್ಡ ಪ್ರಾಣಿಗೆ ಕೈ ಹಾಕಬಹುದಾ? ಕಾನೂನು ತೊಡಕು ಏನಾದರೂ ಇದೆಯಾ? ಕೊಂಬನ್ನು ಊರಿಗೆ ತೆಗೆದುಕೊಂಡು ಹೋಗಬಹುದಾ? ಅಷ್ಟು ಮಾಂಸ ಏನು ಮಾಡುತ್ತಾರೆ? ಅಮ್ಮನಿಗೆ ಹೇಳುವುದು ಹೇಗೆ ಅನ್ನುವುದನ್ನು ಆಮೇಲೆ ನೋಡೋಣ.

ಕೋವಿಮನೆ:

ನಾನು ಮಡಿಕೇರಿ ಕಡೆಯವನು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಚಳಿಗಾಲದಲ್ಲಿ ಪರಿಚಯದ ಫಾರ್ಮ್‌ಗಳಿಗೆ ಹೋಗುತ್ತಿರುತ್ತೇನೆ. ನಮ್ಮ ಮನೆಯಲ್ಲೂ ಕೋವಿ ಇದೆ, ಆದರೆ ಅದು ಕೈಲ್ ಮುಹೂರ್ತಕ್ಕೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯಲು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅನ್ನುವುದು ಅಜ್ಜಂದಿರ ಬಾಯಲ್ಲಿ ಉಳಿದ ಕಥೆ ಅಷ್ಟೇ.

ಮೊದಲು ಕಾಗದದ ಮಾತು ಮುಗಿಸಿಬಿಡೋಣ. ಇಲ್ಲಿ ಟ್ರೋಫಿ ಬೇಟೆ (ಕೊಂಬು, ಚರ್ಮ ಇಟ್ಟುಕೊಳ್ಳಲು ಆಡುವ ಬೇಟೆ) ಫೆಬ್ರವರಿ 1ರಿಂದ ನವೆಂಬರ್ 30ರವರೆಗೆ. ಪರ್ಮಿಟ್ ಬೇಕು. ನೋಂದಾಯಿತ ಹಂಟಿಂಗ್ ಗೈಡ್ ಜೊತೆಯಲ್ಲಿ ಇರಲೇಬೇಕು. ಚಿಕ್ಕಪ್ಪನಿಗೆ ಆ ನೋಂದಣಿ ಇದೆಯಾ, ನಿಮ್ಮಂಥ ವರ್ಕ್ ಪರ್ಮಿಟ್‌ನವರಿಗೆ ಯಾವ ಪರ್ಮಿಟ್ ತೆಗೆಸುತ್ತಾರೆ ಅಂತ ಈಗಲೇ ಕೇಳಿಬಿಡಿ, ಸಂಕೋಚ ಬೇಡ. "ನಮ್ಮದೇ ಜಮೀನು, ಯಾರು ಕೇಳುತ್ತಾರೆ" ಅಂದರೆ ಆವತ್ತೇ ಕೈಮುಗಿದು ವಾಪಸ್ ಬನ್ನಿ. ಸಿಕ್ಕಿಬಿದ್ದರೆ ಅವರಿಗೆ ದಂಡ, ನಿಮಗೆ ವೀಸಾ ಹೋಗುತ್ತದೆ.

ಬಂದೂಕು. ಗುಂಡಿಗೆ ಎಷ್ಟು ಶಕ್ತಿ ಇರಬೇಕು ಅಂತ ಇಲ್ಲಿ ಕಾನೂನಿನಲ್ಲೇ ಬರೆದಿದೆ. ಸ್ಪ್ರಿಂಗ್‌ಬಾಕ್‌ನಂಥ ಸಣ್ಣದಕ್ಕೆ 1350 ಜೂಲ್, ಕುಡು, ಓರಿಕ್ಸ್, ಈಲ್ಯಾಂಡ್‌ನಂಥ ದೊಡ್ಡ ಹುಲ್ಲೆಗಳಿಗೆ 2700, ಆನೆ ಮತ್ತು ಕಾಡೆಮ್ಮೆಗೆ 5400. ನಿಮ್ಮ ಎನ್‌ಸಿಸಿ ರೈಫಲ್ಲಿನದು ಹೆಚ್ಚೆಂದರೆ ಇನ್ನೂರರ ಆಸುಪಾಸು. ಥರ್ಟಿ ನಾಟ್ ಸಿಕ್ಸ್ ರೈಫಲ್ ಇದ್ದರೆ ಕಾನೂನಿಗೆ ಸಾಕು, ಆದರೆ ಈಲ್ಯಾಂಡ್ ಹೋರಿಗೆ ಅನುಭವಸ್ಥರು ಅದಕ್ಕಿಂತ ದೊಡ್ಡ ತ್ರೀ ಸೆವೆಂಟಿಫೈವ್ ಕೈಗೆತ್ತಿಕೊಳ್ಳುತ್ತಾರೆ. ಅದು ಹೆಗಲಿಗೆ ಒದೆಯುವ ಒದೆತ ಇದೆಯಲ್ಲ, ಮೊದಲ ಸಲ ಹೊಡೆದವನು ಎರಡನೇ ಸಲ ಗುಂಡು ಹೊರಡುವ ಮೊದಲೇ ಕಣ್ಣು ಮುಚ್ಚುತ್ತಾನೆ. ಕಣ್ಣು ಮುಚ್ಚಿದರೆ ಪ್ರಾಣಿಯ ಹೊಟ್ಟೆಗೆ ಬೀಳುತ್ತದೆ.

ಈಗ ಪ್ರಾಣಿ. ಎಲ್ಲರೂ ಹುಲ್ಲೆ ಅನ್ನುತ್ತಾರೆ, ನೀವು ಚಿಗರೆ ಥರ ಏನೋ ಅಂದುಕೊಂಡು ಹೋಗಬೇಡಿ. ಬಲಿತ ಹೋರಿ 600-700 ಕಿಲೋ ತೂಗುತ್ತದೆ, 900 ದಾಟಿದವೂ ಇವೆ. ಕೊರಳ ಕೆಳಗೆ ನಮ್ಮ ಎತ್ತಿನ ಹಾಗೆ ಗಂಗೆದೊಗಲು ಜೋತಾಡುತ್ತದೆ. ವಯಸ್ಸಾದಂತೆ ಕಂದು ಬಣ್ಣ ಮಾಸಿ ಬೂದಿ ನೀಲಿಗೆ ತಿರುಗುತ್ತದೆ. ಹಣೆಯ ಮೇಲೆ ಕಪ್ಪು ಕೂದಲಿನ ಕುಚ್ಚು, ತೊಳೆಯದ ಬ್ರಷ್ ಥರ ಗಟ್ಟಿ. ಹತ್ತಿರ ಹೋದರೆ ಅದರ ವಾಸನೆ ಮೂಗಿಗೆ ಹೊಡೆಯುತ್ತದೆ, ಎರಡು ದಿನ ಕೈಯಿಂದ ಹೋಗುವುದಿಲ್ಲ.

ಇದರದ್ದು ಇನ್ನೊಂದು ಗುಣ ಇದೆ. ಕಾಣುವ ಮೊದಲು ಕೇಳಿಸುತ್ತದೆ. ದೊಡ್ಡ ಹೋರಿ ಹೆಜ್ಜೆ ಹಾಕಿದಾಗ ಮುಂಗಾಲಿನ ಮೊಣಕಾಲಿನಲ್ಲಿ ಸ್ನಾಯುರಜ್ಜು ಜಾರಿ ಟಕ್ ಟಕ್ ಅನ್ನುತ್ತದೆ. ಯಾರೋ ಪೊದೆಯ ಆಚೆ ಕೂತು ಬೆರಳಿನ ನೆಟಿಗೆ ಮುರಿಯುತ್ತಿದ್ದಾರೆ ಅನ್ನಿಸುತ್ತದೆ. ಗಾಳಿ ನಿಂತ ಬೆಳಗ್ಗೆ ನೂರಾರು ಮೀಟರ್ ದೂರಕ್ಕೂ ಕೇಳುತ್ತದೆ. ಮೊದಲ ಸಲ ಕೇಳಿದಾಗ ನನ್ನ ಮುಂದಿದ್ದ ಟ್ರ್ಯಾಕರ್ (ಹೆಜ್ಜೆ ಜಾಡು ಹಿಡಿಯುವವನು) ಸುಮ್ಮನೆ ತನ್ನ ಮೊಣಕಾಲು ತಟ್ಟಿ ತೋರಿಸಿದ. ಆಮೇಲೆ ಐದು ನಿಮಿಷ ಇಬ್ಬರೂ ಉಸಿರಾಡಿದ್ದೇವೋ ಇಲ್ಲವೋ ಗೊತ್ತಿಲ್ಲ.

ಆದರೆ ಇದೆಲ್ಲ ಬರುವುದು ನಡೆದ ಮೇಲೆ. ಈಲ್ಯಾಂಡ್ ಬೇಟೆ ಅಂದರೆ ತೊಂಬತ್ತು ಭಾಗ ನಡಿಗೆ. ಬೆಳಗ್ಗೆ ನೀರಿನ ಹೊಂಡದ ಹತ್ತಿರ ಹೆಜ್ಜೆ ಹುಡುಕುತ್ತೀರಿ, ದನದ ಗೊರಸಿನ ಹಾಗೇ ಇರುತ್ತದೆ, ಲದ್ದಿ ಒಡೆದು ಬಿಸಿ ಇದೆಯಾ ನೋಡುತ್ತೀರಿ, ಕೊಂಬಿನಿಂದ ಮುರಿದ ಕೊಂಬೆಯ ಎಲೆ ಬಾಡಿದೆಯಾ ನೋಡುತ್ತೀರಿ, ಆಮೇಲೆ ಬೆನ್ನು ಹತ್ತುತ್ತೀರಿ. ಒಂದು ಸಲ ಅದಕ್ಕೆ ನಿಮ್ಮ ವಾಸನೆ ಸಿಕ್ಕಿತೋ, ಓಡುವುದಿಲ್ಲ, ಕುದುರೆ ಥರ ಜಗ್ ಜಗ್ ಅಂತ ಕುಕ್ಕುಲೋಟ ಹಾಕುತ್ತದೆ. ಅದನ್ನು ಗಂಟೆಗಟ್ಟಲೆ ಮಾಡಬಲ್ಲದು, ನಿಮ್ಮ ಕೈಲಿ ಆಗುವುದಿಲ್ಲ. ದಾರಿಯಲ್ಲೆಲ್ಲ ಮುಳ್ಳು. ಇಲ್ಲಿನವರು ಒಂದು ಮರಕ್ಕೆ "ಸ್ವಲ್ಪ ತಡಿ" ಅಂತಲೇ ಹೆಸರಿಟ್ಟಿದ್ದಾರೆ, ಸೀಗೆ ಮೆಳೆಗೆ ಸಿಕ್ಕಿಕೊಂಡವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಹೊಸಬ ಕೈ ಹಾಕಬಹುದಾ ಅಂತ ಕೇಳಿದ್ದೀರಿ. ಅದಕ್ಕೆ ನನ್ನದೇ ಒಂದು ಕಥೆ ಹೇಳುತ್ತೇನೆ, ನಾಚಿಕೆಯ ಕಥೆ. ಎಂಟು ವರ್ಷದ ಹಿಂದೆ ಉತ್ತರದ ಒಂದು ಫಾರ್ಮ್‌ನಲ್ಲಿ ಸಂಜೆ ಹೊತ್ತು ಒಂದು ಕುಡು ಗಂಡು ನಿಂತಿತ್ತು. ತಿರುಪು ತಿರುಪಾದ ಕೊಂಬು, ಮೈ ಮೇಲೆ ಸುಣ್ಣದ ಗೆರೆ, ಬೂದು ಪೊದೆಯ ನಡುವೆ ಬೂದು ಪ್ರಾಣಿ. ದೂರ ಜಾಸ್ತಿ ಇತ್ತು, 180 ಮೀಟರ್ ಇರಬೇಕು, ಬೆಳಕು ಹೋಗುತ್ತಿತ್ತು. ಗೈಡ್ ಬೇಡ ಅನ್ನುವಷ್ಟರಲ್ಲಿ ನಾನು ಹೊಡೆದಾಗಿತ್ತು. ಅದು ಬೆನ್ನು ಗೂನು ಮಾಡಿ ಹಾರಿತು, ಹೋಯಿತು. ಹೋಗಿ ನೋಡಿದರೆ ರಕ್ತ ಹೆಚ್ಚೇನೂ ಇಲ್ಲ. ಟ್ರ್ಯಾಕರ್ ಒಂದು ಹುಲ್ಲಿನ ಕಡ್ಡಿ ಕಿತ್ತು, ತಾನು ಮೂಸಿ, ಒಂದು ಮಾತೂ ಆಡದೆ ನನ್ನ ಮೂಗಿನ ಹತ್ತಿರ ಹಿಡಿದ. ಹಸಿರು ಲೋಳೆ, ಸಗಣಿ ವಾಸನೆ. ಕರುಳಿಗೆ ಬಿದ್ದಿತ್ತು ಅಂತ ಅರ್ಥ. ಶ್ವಾಸಕೋಶಕ್ಕೆ ಬಿದ್ದರೆ ಗುಲಾಬಿ ನೊರೆ ಇರುತ್ತದೆ, ಪ್ರಾಣಿ ಬೇಗ ಬೀಳುತ್ತದೆ. ಕರುಳಿಗೆ ಬಿದ್ದರೆ ರಾತ್ರಿಯಿಡೀ ನರಳುತ್ತದೆ.

ಕತ್ತಲಾಗುವವರೆಗೆ ಹುಡುಕಿದೆವು. ಬೆಳಗ್ಗೆ ಸಿಕ್ಕಿತು. ನರಿಗಳು ಹಿಂಭಾಗದಿಂದ ಬಗೆದಿದ್ದವು. ಮಾಂಸ ಯಾರಿಗೂ ಆಗಲಿಲ್ಲ. ಇಲ್ಲೆಲ್ಲ ಪದ್ಧತಿ ಏನೆಂದರೆ ಒಂದು ಹನಿ ರಕ್ತ ಬಿದ್ದರೂ ಪೂರ್ತಿ ದುಡ್ಡು ಕೊಡಬೇಕು, ಪ್ರಾಣಿ ಸಿಗಲಿ ಬಿಡಲಿ. ಕೊಟ್ಟೆ. ದುಡ್ಡಿನ ನೋವು ಒಂದು ತಿಂಗಳಲ್ಲಿ ಮರೆತುಹೋಯಿತು, ಆ ಹುಲ್ಲುಕಡ್ಡಿ ಮರೆಯಲಿಲ್ಲ.

ಆದ್ದರಿಂದ, ಹೋಗಿ. ಆದರೆ ಹೊಡೆಯುವ ತೀರ್ಮಾನ ಇಲ್ಲಿ ಕೂತು ಮಾಡಬೇಡಿ. ಅಲ್ಲಿ ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇಟ್ಟು ನೂರು ಮೀಟರ್‌ಗೆ ಒಂದು ಊಟದ ತಟ್ಟೆಗೆ ಐದಕ್ಕೆ ಐದೂ ಬಿದ್ದರೆ ಮಾತಾಡೋಣ.

ಹಸಿರು_ಸೊಪ್ಪು:

ಮೇಲಿನದನ್ನು ಓದಿ ಹೊಟ್ಟೆ ತೊಳೆಸಿತು. ನೀವೇ ಬರೆದಿದ್ದೀರಿ, ರಾತ್ರಿಯಿಡೀ ನರಳುತ್ತದೆ ಅಂತ. ಆಮೇಲೂ "ಹೋಗಿ" ಅಂತ ಹೇಗೆ ಹೇಳುತ್ತೀರಿ? ಅಪ್ಪ ಬೆಳೆ ತಿಂದ ಜಿಂಕೆಗೇ ಕಲ್ಲು ಹೊಡೆಯಲಿಲ್ಲ, ಮಗ ಸುಮ್ನೆ ಮಜಾಕ್ಕೆ ಗುಂಡು ಹೊಡೆಯಬೇಕಾ? ವಾಟರ್‌ಬರ್ಗ್ ಗುಡ್ಡದ ಮೇಲೆ ಈಲ್ಯಾಂಡ್ ಇವೆ, ಕ್ಯಾಮೆರಾ ತೆಗೆದುಕೊಂಡು ಹೋಗಿ, ಹೊಟ್ಟೆ ತುಂಬಾ ನೋಡಿ ಬನ್ನಿ. ಕೆನ್ಯಾದವರು 1977ರಲ್ಲೇ ಬೇಟೆ ಪೂರ್ತಿ ನಿಲ್ಲಿಸಿದರು. ಸಫಾರಿ ಅನ್ನುವ ಪದಕ್ಕೇ ಅರ್ಥ ಪ್ರಯಾಣ, ನಮ್ಮ ಹಿಂದಿ ಹಾಡಿನ ಸಫರ್ ಇದೆಯಲ್ಲ ಅದೇ ಅರಬ್ಬಿ ಬೇರು. ಕೊಲ್ಲುವುದು ಅಂತ ಎಲ್ಲಿದೆ?

ದನದ_ಡಾಕ್ಟರ್:

ಹಸಿರು ಸೊಪ್ಪು ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಾನೂ ಬಂದೂಕು ಹಿಡಿದವನಲ್ಲ, ಬೀದರ್ ಕಡೆಯ ಪಶುವೈದ್ಯ, ಮೂರು ವರ್ಷ ನಮೀಬಿಯಾದಲ್ಲಿ ಕೆಲಸ ಮಾಡಿ ಬಂದೆ. ಆದರೆ ಕೆನ್ಯಾದ ಉದಾಹರಣೆ ನೀವು ಅಂದುಕೊಂಡ ಹಾಗಿಲ್ಲ. ಬೇಟೆ ನಿಲ್ಲಿಸಿದ ಮೇಲೆ ಅಲ್ಲಿ ಕಾಡುಪ್ರಾಣಿ ಹೆಚ್ಚಾಗಲಿಲ್ಲ, ಭಾರೀ ಇಳಿದುಹೋದವು. ಬೇಟೆ ನಿಲ್ಲಿಸಿದ್ದಕ್ಕೇ ಇಳಿದವು ಅಂತ ನಾನು ಹೇಳುತ್ತಿಲ್ಲ. ಜನ ಹೆಚ್ಚಾದರು, ದನ ಕುರಿ ಹೆಚ್ಚಾದವು, ಬೇಲಿ ಬಂತು, ಬರ ಬಂತು, ಕಳ್ಳಬೇಟೆ ಇದ್ದೇ ಇತ್ತು. ನಿಲ್ಲಿಸಿದರೆ ಉಳಿಯುತ್ತವೆ ಅನ್ನುವ ಲೆಕ್ಕ ಅಷ್ಟು ಸಲೀಸಲ್ಲ ಅಂತ ಮಾತ್ರ. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು, ಜಗಳ ಇನ್ನೂ ಮುಗಿದಿಲ್ಲ.

ನಮೀಬಿಯಾದಲ್ಲಿ ನಡೆದದ್ದು ಬೇರೆ. ಮೊದಲು ಕಾಡುಪ್ರಾಣಿಯೆಲ್ಲ ಸರ್ಕಾರದ್ದು, ಹುಲ್ಲು ಮಾತ್ರ ರೈತನದು. ನಿಮ್ಮ ರಾಣೆಬೆನ್ನೂರಿನ ಪರಿಸ್ಥಿತಿ ಇದೆಯಲ್ಲ, ಹಾಗೇ. ದನ ತಿನ್ನುವ ಹುಲ್ಲನ್ನು ಓರಿಕ್ಸ್ ತಿಂದರೆ ರೈತನಿಗೆ ಅದು ಪೀಡೆ. ಬೇಲಿ ಮುರಿಯುವ ಈಲ್ಯಾಂಡ್ ಇನ್ನೂ ದೊಡ್ಡ ಪೀಡೆ. 1960ರ ದಶಕದ ಕೊನೆಯಲ್ಲಿ, ಆಮೇಲೆ 1975ರ ಕಾನೂನಿನಲ್ಲಿ, ಬೇಲಿ ಹಾಕಿದ ಜಮೀನಿನ ಪ್ರಾಣಿಗಳ ಮೇಲೆ ರೈತನಿಗೇ ಹಕ್ಕು ಕೊಟ್ಟರು. ಆಗ ಅದೇ ಓರಿಕ್ಸ್ ಆಸ್ತಿ ಆಯಿತು. ಎಷ್ಟೋ ಜನ ದನ ಕಡಿಮೆ ಮಾಡಿ ಕಾಡುಪ್ರಾಣಿ ಉಳಿಸಿಕೊಂಡರು. ಆ ಹಕ್ಕು ಬಿಳಿಯರ ಫಾರ್ಮ್‌ಗಳಿಗೆ ಮಾತ್ರ ಇತ್ತು ಅನ್ನುವುದನ್ನೂ ಹೇಳಬೇಕು. ಸ್ವಾತಂತ್ರ್ಯ ಬಂದದ್ದು 1990ರಲ್ಲಿ, ಊರವರ ಸಮುದಾಯದ ಜಮೀನಿಗೆ ಅದೇ ಹಕ್ಕು ಸಿಕ್ಕಿದ್ದು 1996ರ ತಿದ್ದುಪಡಿಯಲ್ಲಿ. ಈಗ ಅಂಥ ಸಮುದಾಯ ಕನ್ಸರ್ವೆನ್ಸಿಗಳು ಎಂಬತ್ತಕ್ಕಿಂತ ಜಾಸ್ತಿ ಇವೆ. ಬೇಟೆಯ ದುಡ್ಡು, ಮಾಂಸ ಅಲ್ಲಿನ ಮನೆಗಳಿಗೆ ಹೋಗುತ್ತದೆ, ಎಷ್ಟು ನ್ಯಾಯವಾಗಿ ಹಂಚುತ್ತಾರೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಎತ್ತರದ ಬೇಲಿಯೊಳಗೆ, ಹರಾಜಿನಲ್ಲಿ ತಂದ ಪ್ರಾಣಿಯನ್ನು ಬಿಟ್ಟು, ವಾರದೊಳಗೆ ಗಿರಾಕಿ ಕೈಲಿ ಹೊಡೆಸುವವರೂ ಇದ್ದಾರೆ, ದಕ್ಷಿಣ ಆಫ್ರಿಕಾದಲ್ಲಂತೂ ಅದರದ್ದೇ ದೊಡ್ಡ ಗಲಾಟೆ. ಅದು ಬೇಟೆಯಲ್ಲ, ಕಸಾಯಿಖಾನೆಗೆ ಟಿಕೆಟ್ ಇಟ್ಟ ಹಾಗೆ. ಹಾಗಾಗಿ ರಾಣೆಬೆನ್ನೂರಿನವರೇ, ಕೇಳಬೇಕಾದ ಪ್ರಶ್ನೆ ಬಂದೂಕಿನದ್ದಲ್ಲ. ಬೇಲಿ ಎಷ್ಟು ಎತ್ತರ ಇದೆ ಅಂತ ಕೇಳಿ. ದನದ ಬೇಲಿ ಆದರೆ ಈಲ್ಯಾಂಡ್‌ಗೆ ಅದು ಲೆಕ್ಕಕ್ಕಿಲ್ಲ, ಅಷ್ಟು ಭಾರದ ಮೈ ಹೊತ್ತೂ ನಿಂತಲ್ಲಿಂದಲೇ ಹಾರುತ್ತದೆ. ಅಂದರೆ ಅದು ಅಲ್ಲಿರುವುದು ತಾನಾಗಿ ಬಂದು.

ಇನ್ನು "ಮುದಿ ಹೋರಿ" ಅಂದದ್ದು ನನಗೆ ಇಷ್ಟವಾಯಿತು. ಈಲ್ಯಾಂಡ್‌ನಲ್ಲಿ ವಯಸ್ಸಾದಂತೆ ಕೊಂಬು ತುದಿ ಸವೆದು ಮೋಟಾಗುತ್ತದೆ. ಉದ್ದ ಕೊಂಬು ಬೇಕು ಅಂತ ಟೇಪು ಹಿಡಿದು ಬಂದವನು ಹರೆಯದ ಹೋರಿಯನ್ನು ಹೊಡೆದು, ಮುದಿಯದನ್ನು ಬಿಟ್ಟುಬಿಡುತ್ತಾನೆ. ಹೆಣ್ಣಿಗೂ ಕೊಂಬಿದೆ, ಅದರದ್ದು ತೆಳ್ಳಗೆ ಆದರೆ ಎಷ್ಟೋ ಸಲ ಹೆಚ್ಚು ಉದ್ದ. ಇದನ್ನು ತಡೆಯಲೆಂದೇ ನಮೀಬಿಯಾದ ಬೇಟೆಗಾರರ ಸಂಘದವರು ಕೊಂಬಿನ ಉದ್ದದ ಜೊತೆ ವಯಸ್ಸಿಗೂ ಅಂಕ ಕೊಡುವ ಪದ್ಧತಿ ತಂದಿದ್ದಾರೆ.

ಒಂದು ಅಡ್ಡಮಾತು. ಈಲ್ಯಾಂಡ್ ಅನ್ನುವುದು ಡಚ್ಚರು ಇಟ್ಟ ಹೆಸರು, ಅವರ ಕಡೆಯ ಮೂಸ್ ಜಿಂಕೆಗೆ ಆ ಭಾಷೆಯಲ್ಲಿ ಈಲ್ಯಾಂಡ್ ಅನ್ನುತ್ತಾರೆ. ದೊಡ್ಡದು ಕಂಡಿತು, ಗೊತ್ತಿದ್ದ ಹೆಸರು ಅಂಟಿಸಿದರು. ನಿಜವಾಗಿ ನೋಡಿದರೆ ಇದು ನಮ್ಮ ಕೃಷ್ಣಮೃಗಕ್ಕಿಂತ ನೀಲ್‌ಗಾಯ್‌ಗೂ ದನಕ್ಕೂ ಹತ್ತಿರದ ನೆಂಟ. ಉಕ್ರೇನಿನ ಅಸ್ಕಾನಿಯಾ ನೋವಾದಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇದನ್ನು ಸಾಕಿದ್ದಾರೆ, ಹಾಲೂ ಕರೆದಿದ್ದಾರೆ.

ಹಸಿರು_ಸೊಪ್ಪು:

ಲೆಕ್ಕ ಇರಬಹುದು ಡಾಕ್ಟರೇ, ಮನಸ್ಸು ಒಪ್ಪಲಿಲ್ಲ. ರೈತ ಹೊಟ್ಟೆಪಾಡಿಗೆ ಹೊಡೆದರೆ ಒಂದು ಮಾತು. ಸತ್ತದ್ದರ ಕೊಂಬು ಹಿಡಿದು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದಕ್ಕೆ ಯಾವ ಕಾನೂನಿನ ಹೆಸರು ಹೇಳುತ್ತೀರಿ?

ರಾಣೆಬೆನ್ನೂರು_ಬಿಸಿಲು:

ಹಾಲು ಕರೆಯುತ್ತಾರೆ, ದನದ ನೆಂಟ ಅಂದಿರಲ್ಲ ಡಾಕ್ಟರೇ, ಈಗ ಅಮ್ಮನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಬೇಲಿ ಬಗ್ಗೆ ಕೇಳಿದೆ. ದನದ ಬೇಲಿಯಂತೆ, ಐದು ತಂತಿ, ಎದೆಮಟ್ಟ. ಈ ಹೋರಿ ಮೂರು ಫಾರ್ಮ್ ಸುತ್ತುತ್ತದಂತೆ. ಚಿಕ್ಕಪ್ಪ ನೋಂದಾಯಿತ ಗೈಡ್ ಹೌದು, ಪರ್ಮಿಟ್ ತೆಗೆಸುತ್ತಾರಂತೆ. ಕೋವಿಮನೆ ಅಣ್ಣ, ಎಲ್ಲಿಗೆ ಗುರಿ ಇಡಬೇಕು ಅದನ್ನೂ ಹೇಳಿಬಿಡಿ. ಹಸಿರು ಸೊಪ್ಪು ಅವರ ಮಾತು ತಲೆಯಲ್ಲಿ ಕೊರೆಯುತ್ತಿದೆ, ಸುಳ್ಳು ಹೇಳುವುದಿಲ್ಲ.

ಕೋವಿಮನೆ:

ಫೋಟೋ ವಿಷಯದಲ್ಲಿ ಹಸಿರು ಸೊಪ್ಪು ಅವರ ಜೊತೆ ನನ್ನ ಜಗಳವಿಲ್ಲ. ನನಗೂ ಅದು ಹಿಡಿಸುವುದಿಲ್ಲ. ಇಲ್ಲಿನ ಜರ್ಮನ್ ಮನೆಗಳಲ್ಲಿ ಒಂದು ಪದ್ಧತಿ ಇದೆ. ಪ್ರಾಣಿ ಬಿದ್ದ ಮೇಲೆ ಹತ್ತಿರದ ಗಿಡದ ಒಂದು ಚಿಗುರು ಮುರಿದು ಅದರ ಬಾಯಿಗೆ ಇಡುತ್ತಾರೆ, ಕೊನೆಯ ತುತ್ತು ಅಂತ. ಇನ್ನೊಂದು ಚಿಗುರನ್ನು ರಕ್ತಕ್ಕೆ ತಾಗಿಸಿ ಹೊಡೆದವನ ಟೋಪಿಗೆ ಸಿಕ್ಕಿಸುತ್ತಾರೆ. ಆ ಹೊತ್ತಿನಲ್ಲಿ ಯಾರೂ ನಗುವುದಿಲ್ಲ. ಚಿಕ್ಕಪ್ಪ ಹಳೇ ಕಾಲದವರಾದರೆ ಮಾಡೇ ಮಾಡುತ್ತಾರೆ, ಟೋಪಿ ತೆಗೆದು ನಿಂತುಕೊಳ್ಳಿ.

ಗುರಿ. ಪೂರ್ತಿ ಅಡ್ಡ ನಿಂತಿರಬೇಕು. ಮುಂಗಾಲಿನ ನೇರಕ್ಕೆ ಮೇಲೆ ಬನ್ನಿ, ಎದೆಯ ಆಳದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ. ನಾವು ನೋಡಿದ ಚಿತ್ರಗಳಲ್ಲಿ ಹೃದಯ ಮೇಲೆಲ್ಲೋ ಇರುತ್ತದೆ, ಇವುಗಳದ್ದು ಕೆಳಗೆ, ಮುಂದೆ. ಓರಿಕ್ಸ್‌ನಲ್ಲಂತೂ ಹೆಗಲ ಮೇಲಿನ ಉಬ್ಬು ನೋಡಿ ಮೋಸಹೋಗಿ ಎಲ್ಲರೂ ಮೇಲಕ್ಕೇ ಹೊಡೆಯುತ್ತಾರೆ. (ಬಿದ್ದ ಓರಿಕ್ಸ್ ಹತ್ತಿರ ಮುಂದಿನಿಂದ ಹೋಗಲೇಬೇಡಿ. ಭರ್ಜಿ ಥರದ ಕೊಂಬು, ತಲೆ ಒಂದು ಸಲ ಬೀಸಿದರೆ ಮುಗಿಯಿತು.) ಈಲ್ಯಾಂಡ್ ಹಿಂಡಿನಲ್ಲಿದ್ದರೆ ಅದರ ಹಿಂದೆ ಇನ್ನೊಂದು ನಿಂತಿದೆಯಾ ಅಂತ ನೋಡಬೇಕು, ಗುಂಡು ಒಂದನ್ನು ತೂರಿ ಇನ್ನೊಂದಕ್ಕೆ ಹೋಗುತ್ತದೆ. ಹೊಡೆದ ಮೇಲೆ ಓಡಬೇಡಿ. ಇಪ್ಪತ್ತು ನಿಮಿಷ ಕೂತುಕೊಳ್ಳಿ. ಬೆನ್ನಟ್ಟಿದರೆ ಇನ್ನೊಂದು ಮೈಲಿ ಹೋಗುತ್ತದೆ, ಬಿಟ್ಟರೆ ಅಲ್ಲೇ ಮಲಗುತ್ತದೆ.

ಜುಲೈ ಬೆಳಗ್ಗೆ ಚಳಿ ಸೊನ್ನೆಗೆ ಹೋಗುತ್ತದೆ, ಹತ್ತು ಗಂಟೆಗೆ ಸ್ವೆಟರ್ ಬಿಚ್ಚಬೇಕು. ಹೊಸ ಶೂ ಹಾಕಿಕೊಂಡು ಹೋಗಬೇಡಿ. ಇನ್ನೊಂದು, ಮಧ್ಯಾಹ್ನದ ಸೂರ್ಯ ಇಲ್ಲಿ ಉತ್ತರಕ್ಕಿರುತ್ತಾನೆ. ಊರಿನ ಅಂದಾಜಿನಲ್ಲಿ ದಿಕ್ಕು ಹಿಡಿದು ನಾನು ಒಮ್ಮೆ ಉಲ್ಟಾ ನಾಲ್ಕು ಕಿಲೋಮೀಟರ್ ನಡೆದಿದ್ದೇನೆ.

ಪ್ರಿಟೋರಿಯಾ_ಅಡುಗೆಮನೆ:

ಗಂಡಸರೆಲ್ಲ ಬಂದೂಕಿನ ಮಾತೇ ಆಡುತ್ತಿದ್ದೀರಿ, ಮಾಂಸ ಏನು ಮಾಡುತ್ತಾರೆ ಅಂತ ಕೇಳಿದ್ದಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ. 700 ಕಿಲೋ ಹೋರಿ ಅಂದರೆ ಚರ್ಮ, ತಲೆ, ಕರುಳು ತೆಗೆದ ಮೇಲೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಅದು ಸಾಮಾನ್ಯವಾಗಿ ಫಾರ್ಮ್‌ನವರದೇ. ಮನೆಗೆ, ಕೆಲಸದವರ ಮನೆಗಳಿಗೆ, ಉಳಿದದ್ದು ಬುಚರಿಗೆ. ಅತಿಥಿ ದುಡ್ಡು ಕೊಟ್ಟು ಹೊಡೆದರೂ ಅವನಿಗೆ ಸಿಗುವುದು ಕೊಂಬು, ಚರ್ಮ, ರಾತ್ರಿ ಊಟ. ಇಲ್ಲಿ ಬೇಟೆ ಮಾಂಸದಲ್ಲಿ ಈಲ್ಯಾಂಡ್‌ಗೆ ಒಳ್ಳೇ ಹೆಸರು, ಬೇರೆಯವಕ್ಕಿಂತ ಕೊಬ್ಬೂ ಇರುತ್ತದೆ.

ನಾನು ಮದುವೆಯಾಗಿ ಬಂದಾಗ ಬಿಲ್ಟಾಂಗ್ ನೋಡಿ ಮೂಗು ಮುಚ್ಚಿಕೊಂಡವಳು, ಈಗ ನಾನೇ ಮಾಡುತ್ತೇನೆ. ಒಣಗಿಸಿದ ಮಾಂಸ ಅಷ್ಟೇ, ನಮ್ಮ ಕಡೆಯ ಸಂಡಿಗೆ ಉಪ್ಪುಕಂಡದ ಜಾತಿ. ನಾರಿನ ಉದ್ದಕ್ಕೆ ಎರಡು ಬೆರಳು ದಪ್ಪ ಸೀಳಿ, ವಿನಿಗರ್‌ನಲ್ಲಿ ನೆನೆಸಿ, ಉಪ್ಪು, ಕಾಳುಮೆಣಸು, ಮತ್ತೆ ಕೊತ್ತಂಬರಿ ಬೀಜ. ಬಾಣಲೆಯಲ್ಲಿ ಬೀಜ ಹುರಿದಾಗ ಬರುವ ಘಮ ನಮ್ಮ ಸಾರಿನ ಪುಡಿಯದ್ದೇ, ಪಕ್ಕದ ಮನೆಯ ಅಫ್ರಿಕಾನ್ಸ್ ಅಜ್ಜಿಗೆ ಹೇಳಿದರೆ ನಂಬುವುದಿಲ್ಲ, ಇದು ನಮ್ಮದು ಅನ್ನುತ್ತಾರೆ. ತರಿ ತರಿಯಾಗಿ ಕುಟ್ಟಿ ಸವರಿ, ಗಾಳಿಯಾಡುವ ಕಡೆ ನೇತು ಹಾಕಬೇಕು.

ಕೊಂಬು ಊರಿಗೆ ತರುವ ಆಸೆ ಬಿಡಿ. ಕಾಡುಪ್ರಾಣಿಯ ಕೊಂಬು, ಚರ್ಮ ಇಂಡಿಯಾಕ್ಕೆ ತರುವ ಹಾಗಿಲ್ಲ, ಏರ್‌ಪೋರ್ಟ್‌ನಲ್ಲಿ ಕಸ್ಟಮ್ಸ್‌ನವರ ಮುಂದೆ "ಸಾರ್ ಇದು ಆಫ್ರಿಕಾದ್ದು" ಅಂತ ಕಥೆ ಹೇಳುತ್ತಾ ನಿಲ್ಲಬೇಕಾಗುತ್ತದೆ. ಮೈಸೂರಿನಲ್ಲಿ ವ್ಯಾನ್ ಇಂಗೆನ್‌ನವರು ಹುಲಿ ಚಿರತೆ ತಲೆಗಳನ್ನು ಗೋಡೆಗೆ ಸಜ್ಜು ಮಾಡಿಕೊಡುತ್ತಿದ್ದ ಕಾಲ ಹೋಯಿತು. ಅಮ್ಮನ ವಿಷಯಕ್ಕೆ ನನ್ನ ಸಲಹೆ, ಸುಳ್ಳು ಹೇಳಬೇಡಿ, ಪೂರ್ತಿ ನಿಜವನ್ನೂ ಫೋನಿನಲ್ಲಿ ಹೇಳಬೇಡಿ.

ದನದ_ಡಾಕ್ಟರ್:

ಮಾಂಸ ವಿಂಡ್‌ಹುಕ್‌ಗೆ ತರುವುದಾದರೆ ಪರ್ಮಿಟ್ಟಿನ ನಕಲು ಜೊತೆಗಿರಲಿ. ಒಮರೂರು ಕೆಂಪು ಗೆರೆಯ ದಕ್ಷಿಣಕ್ಕೆ ಬರುವುದರಿಂದ ತೊಂದರೆಯಿಲ್ಲ. ಗೊತ್ತಿಲ್ಲದವರಿಗೆ: ದೇಶಕ್ಕೆ ಅಡ್ಡಲಾಗಿ ಒಂದು ಪಶುವೈದ್ಯ ಬೇಲಿ ಇದೆ, ಉತ್ತರದ ಕಾಲುಬಾಯಿ ರೋಗ ದಕ್ಷಿಣದ ದನಗಳಿಗೆ ಬರಬಾರದು ಅಂತ. ಅದರ ಆಚೆಯಿಂದ ಹಸಿ ಮಾಂಸ ತಂದರೆ ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ.

ರಾಣೆಬೆನ್ನೂರು_ಬಿಸಿಲು:

ಹೋಗಿ ಬಂದೆ. ಆಗಸ್ಟ್ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲ ದಿನವೇ ಚಿಕ್ಕಪ್ಪ ನನ್ನನ್ನು ಮನೆಯ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಆಳೆತ್ತರದ ಒಂದು ಗೆದ್ದಲು ಹುತ್ತ. ನಮ್ಮೂರಲ್ಲಾದರೆ ಅರಿಶಿನ ಕುಂಕುಮ ಹಾಕಿ ಹಾಲೆರೆಯುತ್ತಾರೆ, ಇವರು ಅದಕ್ಕೆ ಕಾಗದದ ತಟ್ಟೆ ಅಂಟಿಸಿದರು. ಕೋಲಿನ ಮೇಲೆ ತ್ರೀ ಸೆವೆಂಟಿಫೈವ್. ಮೊದಲ ಗುಂಡು ತಟ್ಟೆಯ ಅಂಚಿಗೆ. ಹೆಗಲು ಕಿತ್ತುಬಂದ ಹಾಗಾಯಿತು. ಎರಡನೆಯದು ಹುತ್ತಕ್ಕೆ. ಮೂರನೆಯದು ಹುತ್ತಕ್ಕೂ ಬೀಳಲಿಲ್ಲ. ಕೋವಿಮನೆ ಅಣ್ಣ ಹೇಳಿದ್ದೇ ಆಯಿತು, ಕಣ್ಣು ಮುಚ್ಚುತ್ತಿದ್ದೆ. ಚಿಕ್ಕಪ್ಪ ಬೈಯಲಿಲ್ಲ. ರೈಫಲ್ ತೆಗೆದುಕೊಂಡು ಒಳಗೆ ಹೋಗಿ ಬೀರುವಿನಲ್ಲಿಟ್ಟು, ಬರುವಾಗ ಹತ್ತು ಲೀಟರ್ ನೀರಿನ ಚೀಲ ತಂದು ನನ್ನ ಬೆನ್ನಿಗೆ ಹಾಕಿದರು. ವಾರವಿಡೀ ನನ್ನ ಕೆಲಸ ಅದೇ.

ಸತ್ಯ ಹೇಳುತ್ತೇನೆ, ಅವಮಾನಕ್ಕಿಂತ ಜಾಸ್ತಿ ಹಗುರ ಅನ್ನಿಸಿತು.

ನಾಲ್ಕು ದಿನ ನಡೆದೆವು. ಎರಡು ಸಲ ಹಿಂಡು ಸಿಕ್ಕಿ ತಪ್ಪಿಸಿಕೊಂಡಿತು, ಒಂದು ಸಲ ನಾನೇ ಸೀನಿದ್ದಕ್ಕೆ. ನಾಲ್ಕನೇ ದಿನ ಬೆಳಗ್ಗೆ ಆ ಟಕ್ ಟಕ್ ಕೇಳಿಸಿತು. ನೀವು ಹೇಳಿದ್ದು ನೂರಕ್ಕೆ ನೂರು ನಿಜ, ನೆಟಿಗೆ ಮುರಿದ ಸದ್ದೇ. ಆಮೇಲೆ ಮುಳ್ಳಿನ ಸಂದಿನಲ್ಲಿ ಒಂದು ನೀಲಿ ಗೋಡೆ ಸರಿದ ಹಾಗಾಯಿತು. ನಮ್ಮ ಕಡೆ ದೀಪಾವಳಿಗೆ ಬಿಡುವ ಕೊಬ್ಬರಿ ಹೋರಿಗಳನ್ನು ನೋಡಿ ಬೆಳೆದವನು ನಾನು, ಅದರ ಮುಂದೆ ಅವು ಕರು. ನನ್ನ ಗೆಳೆಯ ತೊಂಬತ್ತು ಮೀಟರ್‌ನಿಂದ ಹೊಡೆದ. ಮೂವತ್ತು ಹೆಜ್ಜೆ ಹೋಗಿ ಮುಂಗಾಲು ಮಡಿಸಿ ಕೂತಿತು, ಮನೆಯ ಎತ್ತು ಕೂರುವ ಹಾಗೇ. ಅದೊಂದು ನನಗೆ ಕಷ್ಟವಾಯಿತು. ಚಿಗುರು ಬಾಯಿಗಿಟ್ಟರು. ಫೋಟೋ ತೆಗೆಯುವಾಗ ನನ್ನನ್ನು ಕರೆದರು, ನಾನು ನೀರಿನ ಚೀಲ ಇಳಿಸುವ ನೆಪ ಮಾಡಿ ಆಚೆ ಹೋದೆ. ಹಸಿರು ಸೊಪ್ಪು ಅವರೇ, ಅದು ನಿಮ್ಮಿಂದಾಗಿ.

ಪಿಕಪ್‌ನ ವಿಂಚ್ ಹಾಕಿ ಎಳೆದರೂ ಗಾಡಿಗೆ ಹತ್ತಿಸಲು ಏಳು ಜನ ಬೇಕಾಯಿತು. ರಾತ್ರಿ ಹತ್ತೂವರೆವರೆಗೆ ಸೀಳುವುದು, ತೂಗುವುದು, ಕೆಲಸದವರ ಮನೆಗಳಿಗೆ ಪಾಲು ಹಾಕುವುದು. ಪಾಲು ಹಾಕುವಾಗ ಒಬ್ಬ ಅಜ್ಜಿ ಬಂದು ಹೃದಯ ತನಗೇ ಬೇಕು ಅಂತ ಚಿಕ್ಕಪ್ಪನ ಜೊತೆ ಜಗಳ ಮಾಡಿ ತೆಗೆದುಕೊಂಡು ಹೋದರು. ಹಣೆಯ ಕುಚ್ಚು ಮುಟ್ಟಿ ನೋಡಿದೆ, ಮುಟ್ಟಬಾರದಿತ್ತು.

ನನ್ನ ಪಾಲಿಗೆ ಆರು ಕಿಲೋ ಬಂತು. ಪ್ರಿಟೋರಿಯಾ ಅಕ್ಕ, ನೀವು ಹೇಳಿದ ಹಾಗೇ ಕೊತ್ತಂಬರಿ ಹುರಿದು ಮಾಡಿ ಬಾತ್‌ರೂಮಿನಲ್ಲಿ ಹಗ್ಗ ಕಟ್ಟಿ ನೇತು ಹಾಕಿದ್ದೇನೆ, ಟೇಬಲ್ ಫ್ಯಾನ್ ತಿರುಗುತ್ತಿದೆ. ಮೂರು ದಿನವಾಯಿತು, ಹೊರಗೆ ಕಪ್ಪಾಗಿದೆ, ಒತ್ತಿದರೆ ಒಳಗೆ ಮೆತ್ತಗಿದೆ. ಆಯಿತಾ, ಇನ್ನೂ ಬಿಡಬೇಕಾ?

ಪ್ರಿಟೋರಿಯಾ_ಅಡುಗೆಮನೆ:

ಇನ್ನೂ ಎರಡು ದಿನ ಬಿಡಿ. ಒಂದನ್ನು ಅಡ್ಡ ಕತ್ತರಿಸಿ ನೋಡಿ, ನಡುವೆ ಹಸಿ ಕೆಂಪು ಇದ್ದರೆ ಇನ್ನೊಂದು ದಿನ. ಮತ್ತೆ ಆ ಬಾತ್‌ರೂಮಿನಲ್ಲಿ ಬಿಸಿನೀರಿನ ಸ್ನಾನ ಮಾಡುತ್ತಿದ್ದೀರೇನು? ಹಾಗಿದ್ದರೆ ಇವತ್ತೇ ಅಲ್ಲಿಂದ ತೆಗೆಯಿರಿ, ಹಬೆ ತಾಗಿದರೆ ಬೂಸ್ಟು ಹಿಡಿಯುತ್ತದೆ.